ಗ್ಯಾರೇಜ್‌ಗೆ ಹೊಸ ಲೈಟ್ ಹಾಕಿಸುವವರೇ, ಆಫ್ ಮಾಡಿದ ಮೇಲೂ ಮಿನುಗಿದರೆ ಸುಮ್ನಿರಬೇಡಿ

ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇತ್ತು. ಹಿಂದಿನ ದಿನ ಅದೇ ಹೋಲ್ಡರ್‌ನಿಂದ ಬರಿಗೈಯಲ್ಲಿ ಟ್ಯೂಬ್ ಕಳಚಿ, ಒರೆಸಿ, ಮತ್ತೆ ಹಾಕಿದ್ದೆ. ಅದೂ ಕಬ್ಬಿಣದ ಸ್ಟೂಲ್ ಮೇಲೆ ನಿಂತು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ನಮ್ಮ ಗ್ಯಾರೇಜ್‌ನಲ್ಲಿ ನಾಲ್ಕು ಅಡಿಯ ಹಳೇ ಟ್ಯೂಬ್‌ಲೈಟ್ ಎರಡಿದ್ದವು. ಬಾನೆಟ್ ಎತ್ತಿದರೆ ಒಳಗೆ ಏನೂ ಕಾಣುತ್ತಿರಲಿಲ್ಲ. ಎಲ್‌ಇಡಿ ಹಾಕಿಸೋಣ ಅಂತ ಒಬ್ಬನನ್ನು ಕರೆಸಿದೆ. "ಟ್ಯೂಬ್ ಕೂರುವ ಪಟ್ಟಿ ಗಟ್ಟಿಯಾಗಿದೆ ಸರ್, ಅದೇ ಇರಲಿ. ಚೋಕ್, ಸ್ಟಾರ್ಟರ್ ತೆಗೆದು ಡೈರೆಕ್ಟ್ ಕೊಡ್ತೀನಿ. ಇನ್ನೆರಡು ಲೈಟ್ ಹಾಕಿ ಬಾಗಿಲ ಹತ್ತಿರ ಹೊಸ ಸ್ವಿಚ್ ಕೊಟ್ಟರೆ ಹಗಲಿನ ಹಾಗೆ ಇರುತ್ತೆ" ಅಂದ. ಒಪ್ಪಿದೆ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಲಿಲ್ಲ, ಅದು ನನ್ನ ತಪ್ಪು. ಸ್ವಿಚ್ ಹಾಕಿ ತೋರಿಸಿದ, ಬೆಳಕು ಚೆನ್ನಾಗಿಯೇ ಬಂತು. ಪೂರ್ತಿ ದುಡ್ಡು ಕೊಟ್ಟು ಕಳಿಸಿದೆ.

ಮೂರನೇ ದಿನಕ್ಕೆ ಹಳೇ ಪಟ್ಟಿಯಲ್ಲಿ ಗುಂಯ್ ಅಂತ ಸದ್ದು ಶುರುವಾಯಿತು. ಟ್ಯೂಬ್ ಪಟಪಟ ಮಿಣುಕುತ್ತಿತ್ತು. ರಾತ್ರಿ ಆಫ್ ಮಾಡಿದರೆ ನಾಲ್ಕೂ ಟ್ಯೂಬ್ ಮಂಕಾಗಿ ಹೊಳೆಯುತ್ತಲೇ ಇದ್ದವು. ಫೋನ್ ಮಾಡಿದೆ. "ಎಲ್‌ಇಡಿ ಅಂದ್ರೆ ಹಾಗೇ ಸರ್, ಒಳಗೆ ಸ್ವಲ್ಪ ಚಾರ್ಜ್ ಉಳಿದಿರುತ್ತೆ." ಗಂಟೆಗಟ್ಟಲೆ ಉಳಿಯುತ್ತಾ ಅಂದೆ. "ಒಂದ್ಸಲ ಟ್ಯೂಬ್ ಕಳಚಿ, ಒರೆಸಿ ಹಾಕಿ, ಸರಿಹೋಗುತ್ತೆ" ಅಂದ. ಹಾಗೇ ಮಾಡಿದೆ. ಅವನೇ ಹೇಳಿದ್ದು, ಗಮನಿಸಿ. ಅವನ ಮಾತು ಕೇಳಿಯೇ ನಾನು ಆ ಸ್ಟೂಲ್ ಹತ್ತಿದ್ದು.

ಮರುದಿನ ಇನ್ನೊಬ್ಬರು ಎಲೆಕ್ಟ್ರಿಷಿಯನ್ ಬಂದರು. ಸ್ವಿಚ್ ಆಫ್ ಮಾಡಿಸಿ, ಟ್ಯೂಬ್ ತೆಗೆದು ಹೋಲ್ಡರ್‌ಗೆ ಟೆಸ್ಟರ್ ಇಟ್ಟರು. ಟೆಸ್ಟರ್‌ನಲ್ಲಿ ಕೆಂಪು ದೀಪ ಹತ್ತಿತು. ಅವರು ಮಾತಾಡಲಿಲ್ಲ, ನನ್ನ ಮುಖ ನೋಡಿದರು. ಮೊದಲನೆಯವನು ಹೊಸ ಸ್ವಿಚ್‌ಗೆ ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಕೊಟ್ಟಿದ್ದ. ಅಂದರೆ ಸ್ವಿಚ್ ಆಫ್ ಮಾಡಿದರೂ ಫೇಸ್ ಟ್ಯೂಬ್‌ವರೆಗೂ ಹರಿದು ಕೂತಿರುತ್ತದೆ. ಟ್ಯೂಬ್ ಮಿನುಗುತ್ತಿದ್ದದ್ದೂ ಅದಕ್ಕೇ.

ಪಟ್ಟಿಯ ಮುಚ್ಚಳ ಬಿಚ್ಚಿದರೆ ಹಳೇ ಚೋಕ್ ಅಲ್ಲೇ ಇತ್ತು! ಮೇಲೆ ದಪ್ಪ ಧೂಳು, ಕೈ ಇಟ್ಟ ಗುರುತೂ ಇಲ್ಲ. ತೆಗೆದಿದ್ದೀನಿ ಅಂತ ಅದಕ್ಕೂ ಕೂಲಿ ತಗೊಂಡಿದ್ದ. ಹೊಸ ಪಟ್ಟಿ ಎರಡೂ ತಗಡಿನವು, ಅವುಗಳ ಅರ್ತ್ ವೈರ್ ಕತ್ತರಿಸಿ ಮಡಚಿ ಒಳಗೆ ತುರುಕಿದ್ದ. ಫೇಸ್ ವೈರ್ ಆ ತಗಡಿಗೆ ತಾಗಿದ್ದರೆ?

ಮತ್ತೆ ಫೋನ್ ಮಾಡಿದೆ. ಅವನ ಉತ್ತರ ಹಾಗೇ ಬರೆಯುತ್ತೇನೆ: "ಅರ್ತಿಂಗ್ ಬೇಕು ಅಂತ ನೀವು ಹೇಳಿರಲಿಲ್ಲವಲ್ಲ ಸರ್." ಇದನ್ನೂ ನಾನು ಹೇಳಬೇಕಿತ್ತಾ? ಚೋಕ್ ಬಗ್ಗೆ ಕೇಳಿದರೆ, "ಇದ್ದರೆ ಏನೂ ತೊಂದರೆ ಇಲ್ಲ ಸರ್, ಲೈಟ್ ಉರೀತಾ ಇದೆ ತಾನೇ?" ಅಂದ.

ನೀವು ಹಾಕಿಸುವುದಾದರೆ ಪಕ್ಕದಲ್ಲೇ ನಿಂತು ನೋಡಿ. ತೆಗೆದ ಚೋಕ್ ಕೈಗೆ ಕೊಡಲು ಹೇಳಿ. ಸ್ವಿಚ್ ಆಫ್ ಮಾಡಿಸಿ ನಿಮ್ಮ ಮುಂದೆಯೇ ಹೋಲ್ಡರ್‌ಗೆ ಟೆಸ್ಟರ್ ಇಡಿಸಿ, ದೀಪ ಹತ್ತದಿದ್ದರೆ ಮಾತ್ರ ದುಡ್ಡು ಕೊಡಿ. ಇಂಡಿಕೇಟರ್ ಇರುವ ಸ್ವಿಚ್ ಆದರೆ ವೈರಿಂಗ್ ಸರಿಯಿದ್ದರೂ ಎಲ್‌ಇಡಿ ಸ್ವಲ್ಪ ಮಿನುಗಬಹುದು, ಆದರೂ ಪರೀಕ್ಷೆ ಮಾಡಿಸಿ. ಟ್ಯೂಬ್ ಮುಟ್ಟುವ ಮೊದಲು ಮೇನ್ ಆಫ್ ಮಾಡಿ, ಗೋಡೆಯ ಸ್ವಿಚ್ ನಂಬಬೇಡಿ. ಇನ್ನೊಂದು, ಡಬ್ಬದ ಮೇಲೆ ದೊಡ್ಡದಾಗಿ 40 ವ್ಯಾಟ್ ಅಂತಿತ್ತು, ಟ್ಯೂಬ್ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ 20 ವ್ಯಾಟ್. ವ್ಯಾಟ್ ನಂಬದೆ, ಎಷ್ಟು ಲ್ಯುಮೆನ್ (ಬೆಳಕಿನ ಅಳತೆ) ಅಂತ ನೋಡಿ ತಗೊಳ್ಳಿ.

ಎರಡನೆಯವರು ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿ, ಚೋಕ್ ಕಿತ್ತು, ಅರ್ತ್ ಜೋಡಿಸಿ ಹೋದರು. ಈಗ ಆಫ್ ಮಾಡಿದರೆ ಪೂರ್ತಿ ಕತ್ತಲೆ. ಮೊದಲನೆಯವನಿಗೆ ಆ ಚೋಕ್‌ನ ಫೋಟೋ ಕಳಿಸಿದೆ. "ಬೇರೆಯವರ ಕೈ ಬಿದ್ದ ಮೇಲೆ ನನ್ನ ಜವಾಬ್ದಾರಿ ಇಲ್ಲ ಸರ್" ಅಂತ ಬರೆದ. ಆಮೇಲೆ ಫೋನ್ ಎತ್ತಿಲ್ಲ.