ಹೆಗಲಿಗೆ ಹಿತವಾದದ್ದು 22 ಪೌಂಡಿನ ಲಿಂಬ್

ಬಿಲ್ಲುಗಾರಿಕೆಯಲ್ಲಿ ಹೆಗಲು ನೋಯದಂತೆ ಯಾವ ಬಿಲ್ಲು ಹಿತ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 22 ಪೌಂಡಿನ ಲಿಂಬ್‌ಗೆ. ಲಿಂಬ್ ಅಂದರೆ ಎಳೆದಾಗ ಬಾಗುವ ಬಿಲ್ಲಿನ ತೋಳು, ಪೌಂಡು ಅಂದರೆ ಎಳೆಯಲು ಬೇಕಾದ ಬಲ. ನನ್ನದು ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಅದರ ರೈಸರ್ (ನಡುವಿನ ಹಿಡಿಯ ಭಾಗ) ಹಳೆಯದೇ, ಲಿಂಬ್ ಮಾತ್ರ ಹೊಸದು. ರಾತ್ರಿ ಬಲಮಗ್ಗುಲಿಗೆ ತಿರುಗಿದರೆ ಹೆಗಲು ಕಡಿಯುತ್ತಿತ್ತು, ಈಗ ಇಲ್ಲ. ಇದರ ಎದುರಿಗೆ ಬಳಸಿ ನೋಡಿದ್ದು ಮೊದಲಿದ್ದ 30 ಪೌಂಡಿನ ಲಿಂಬ್ ಮತ್ತು ಗೆಳೆಯನ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು).

ಲಿಂಬ್ ಮೇಲಿನ ಪೌಂಡು 28 ಇಂಚು ಎಳೆದಾಗಿನ ಲೆಕ್ಕ. ಮೇಲೆ ಒಂದು ಇಂಚಿಗೆ ಸುಮಾರು ಎರಡು ಪೌಂಡ್ ಏರುತ್ತದೆ. ನನ್ನ ಎಳೆತ 29 ಇಂಚು, ಹಾಗಾಗಿ 30ರ ಲಿಂಬ್‌ನಲ್ಲಿ ಬೆರಳಿಗೆ ಬೀಳುತ್ತಿದ್ದದ್ದು 32ರ ಹತ್ತಿರ. ಶುರುವಿನ ಬಾಣಗಳು ಚೆನ್ನಾಗೇ ಹೋಗುತ್ತವೆ. ಆಮೇಲೆ ಬೆನ್ನು ಸೋಲುತ್ತದೆ, ತೋಳೇ ಎಳೆಯಲು ಶುರು ಮಾಡುತ್ತದೆ, ಹೆಗಲು ಕಿವಿಯ ಕಡೆ ಏರುತ್ತದೆ. ಹಾಗೆ ಏರಿದಾಗ ಒಳಗಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಎರಡು ಮೂಳೆಗಳ ನಡುವೆ ಸಿಕ್ಕಿ ಉಜ್ಜುತ್ತದೆ. 22ರಲ್ಲಿ ಹೆಗಲು ಕೆಳಗೇ ಉಳಿಯುತ್ತದೆ. ಅದರ ಹಿಂದಿನ ಚಪ್ಪಟೆ ಮೂಳೆ ಬೆನ್ನುಮೂಳೆ ಕಡೆ ಸರಿಯುವುದು ನನಗೇ ಗೊತ್ತಾಗುತ್ತದೆ.

ಕಾಂಪೌಂಡ್‌ನಲ್ಲಿ ಪೂರ್ತಿ ಎಳೆದ ಮೇಲೆ ಭಾರದ ಮುಕ್ಕಾಲು ಪಾಲು ಇಳಿದುಹೋಗುತ್ತದೆ. ಗುರಿ ಹಿಡಿಯುವಾಗ ಬಲಗೈಗೆ ಸುಖ. ಆದರೆ ಬಿಲ್ಲೇ ಭಾರ, ಅದನ್ನು ಚಾಚಿ ಹಿಡಿಯುವ ಎಡ ಹೆಗಲು ಸಂಜೆಗೆ ಬಿಗಿದುಕೊಳ್ಳುತ್ತಿತ್ತು. ಬೆಲೆಯೂ ನನ್ನ ಕೈಗೆ ಎಟುಕದು.

22ರ ಒಂದೇ ತಲೆನೋವು ಬಾಣ. ಹಳೆಯ ಬಾಣಗಳು 30 ಪೌಂಡಿಗೆ ಹೊಂದುವಂಥವು, ಹೊಸ ಲಿಂಬ್‌ಗೆ ತೀರಾ ಗಟ್ಟಿ. ಬಿಟ್ಟ ಕೂಡಲೇ ಬಾಣ ಸ್ವಲ್ಪ ಬಳುಕಿ ರೈಸರ್ ದಾಟಬೇಕು. ಇವು ಬಳುಕದೆ ಎಡಕ್ಕೇ ಹೋಗಿ ಕೂರುತ್ತಿದ್ದವು. ಎಡಗೈಯಲ್ಲಿ ಎಳೆಯುವವರಿಗೆ ಬಲಕ್ಕೆ ಹೋಗುತ್ತವೆ.

ಬಿಲ್ಲಿನ ಮೇಲೆ ಗುರಿ ನೋಡುವ ಸೈಟ್ ಅನ್ನು ಎಡಕ್ಕೆ ಸರಿಸಿದೆ. ಬಾಣಗಳ ಗುಂಪು ಗುರಿಹಲಗೆಯ ನಡುವಿನ ಹಳದಿಗೆ ಬಂತು, ಆದರೆ ದೂರ ಬದಲಾಯಿಸಿದರೆ ಮತ್ತೆ ತಪ್ಪಿತು. ಲಿಂಬ್ ಅನ್ನು ರೈಸರ್‌ಗೆ ಹಿಡಿದಿಡುವ ಬೋಲ್ಟ್ ಬಿಗಿ ಮಾಡು ಅಂದರು ಕ್ಲಬ್ಬಿನವರು. ಬಿಗಿ ಮಾಡಿದರೆ ಪೌಂಡು ಏರುತ್ತದೆ. ಇಳಿಸಲಿಕ್ಕೆ ಅಂತಲೇ ಕೊಂಡದ್ದು ಅಲ್ವಾ? ಬಾಣದ ತುದಿಗೆ ಭಾರದ ಪಾಯಿಂಟ್ (ಮೊನೆ) ಹಾಕಿದೆ, ಸ್ವಲ್ಪ ಸುಧಾರಿಸಿತು. ಕೊನೆಗೆ ಮೆದು ಬಾಣಗಳನ್ನೇ ತರಿಸಿದೆ. ಬಾಣ ಎಷ್ಟು ಬಳುಕುತ್ತದೆ ಅನ್ನುವ ಅಳತೆಯೇ ಸ್ಪೈನ್, ಅದರ ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆದು, ನಾನು 700 ಬಿಟ್ಟು 1000ಕ್ಕೆ ಹೋದೆ. ಲಿಂಬ್ ಇಳಿಸುವವರು ಬಾಣದ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ರಬ್ಬರ್ ಬ್ಯಾಂಡ್ ಎಳೆದು ಮೈ ಬೆಚ್ಚಗೆ ಮಾಡಿಕೊಳ್ಳುವುದು ಯಾವ ಬಿಲ್ಲಿಗಾದರೂ ಬೇಕು. ಸುಮ್ನೆ ಕೈ ಎತ್ತಿದರೂ ನೋಯುತ್ತಿದ್ದರೆ ಮೊದಲು ಫಿಸಿಯೋ ಹತ್ತಿರ ಹೋಗಿ.

ನಾನು ಕೆಲಸ ಮುಗಿಸಿ 18 ಮೀಟರ್‌ನಲ್ಲಿ ಹೊಡೆಯುವವನು, ಬಾಣ ಜಾಸ್ತಿ ಬಿಡುವುದೇ ನನಗೆ ಖುಷಿ. ಅದಕ್ಕೆ 22 ಸಾಕು. 70 ಮೀಟರ್ ಸ್ಪರ್ಧೆಗೆ ಹೋಗುವವರಿಗೆ ಇದು ಸಾಲದು. ಅವರು ಎರಡೆರಡು ಪೌಂಡಿನಂತೆ ಏರಿಸುತ್ತಾ ಹೋಗಲಿ, ಸೆಕೆಂಡ್ ಹ್ಯಾಂಡ್ ಲಿಂಬ್ ಕೊಂಡರೆ ಖರ್ಚೂ ಹಿಡಿತದಲ್ಲಿರುತ್ತದೆ.