ನಳ ಬಾರದ ದಿನವೂ ನಳದ ಟಾಕಿ ತುಂಬಿ ಚೆಲ್ಲುತ್ತಿದ್ದರೆ ಸೋಲಾರ್ ಲೈನ್ ನೋಡಿ

ಧಾರವಾಡದ ಒಂದು ಮನೆ. ಎಷ್ಟು ಕುದಿಸಿದರೂ ಬೇಳೆ ಬೇಯುತ್ತಿಲ್ಲ, ಚಹಾದ ಪಾತ್ರೆಯ ತಳಕ್ಕೆ ಬಿಳಿ ಪೊರೆ, ಕುಡಿಯುವ ನೀರಿಗೆ ಸವಳು ರುಚಿ. ಫಿಲ್ಟರಿನ ಕ್ಯಾಂಡಲ್ ಎರಡು ಸಲ ಬದಲಿಸಿದರು. ನಳದ ನೀರೇ ಕೆಟ್ಟಿದೆ ಎಂದು ದೂರು ಕೊಟ್ಟರು. ಕಾರಣ ಮಾಳಿಗೆಯ ಮೇಲಿತ್ತು. ನಳ ಬಂದು ನಾಲ್ಕು ದಿನವಾಗಿದ್ದರೂ ನಳದ ಟಾಕಿ ತುಂಬಿ, ಓವರ್‌ಫ್ಲೋ ಪೈಪಿನಿಂದ ಸಣ್ಣಗೆ ಹನಿಯುತ್ತಿತ್ತು. ಕೈ ಅದ್ದಿದರೆ ನೀರು ಉಗುರುಬೆಚ್ಚಗೆ.

ನಮ್ಮ ಕಡೆ ಎರಡು ಟಾಕಿ ಇಡುವುದು ರೂಢಿ. ಕುಡಿಯಲು ನಳದ ನೀರು, ಬಳಸಲು ಬೋರಿನ ಗಡಸು ನೀರು. ಸೋಲಾರಿಗೂ ಬೋರಿನದೇ. ಸೋಲಾರ್ ಟ್ಯಾಂಕಿಗೆ ತಣ್ಣೀರು ತಾನಾಗಿ ಇಳಿಯಬೇಕಾದರೆ ಬೋರಿನ ಟಾಕಿ ಅದಕ್ಕಿಂತ ಮೇಲಿರಬೇಕು, ಅದಕ್ಕೇ ಎತ್ತರದ ಸ್ಟ್ಯಾಂಡ್. ನಳದ ಟಾಕಿ ಮಾತ್ರ ಕೆಳಗೆ, ಸ್ಲ್ಯಾಬಿನ ಮೇಲೆ. ಇಲ್ಲಿಯವರೆಗೆ ತಪ್ಪಿಲ್ಲ. ಬಚ್ಚಲಿನ ಮಿಕ್ಸರಿಗೆ ಒಂದು ಕಡೆ ಸೋಲಾರಿನ ಬಿಸಿನೀರು ಕೊಟ್ಟು, ಇನ್ನೊಂದು ಕಡೆಗೆ ಹತ್ತಿರ ಸಿಕ್ಕಿತೆಂದು ನಳದ ಟಾಕಿಯ ಲೈನ್ ಜೋಡಿಸುತ್ತಾರಲ್ಲ, ಕೆಡುವುದು ಅಲ್ಲಿ.

ಆ ಮನೆಯ ಹ್ಯಾಂಡ್ ಶವರಿನ ಹಿಡಿಕೆಯಲ್ಲೇ ಒತ್ತುಗುಂಡಿ ಇತ್ತು. ನೀರಿನ ಹದ ಕೆಡಬಾರದೆಂದು ಮಿಕ್ಸರಿನ ಎರಡೂ ತಿರುಪು ತೆರೆದೇ ಇಟ್ಟು, ಗುಂಡಿಯಷ್ಟೇ ಬಂದ್ ಮಾಡುತ್ತಿದ್ದರು. ಹೊರದಾರಿ ಮುಚ್ಚಿ ಎರಡೂ ಒಳದಾರಿ ತೆರೆದಿದ್ದರೆ ಮಿಕ್ಸರ್ ಎಂಬುದು ಪೈಪುಗಳನ್ನು ಕೂಡಿಸುವ ಬರೀ ಟೀ ಜಾಯಿಂಟ್. ಎತ್ತರದ ಟಾಕಿಯ ನೀರು ಸೋಲಾರ್ ಹಾಯ್ದು, ಮಿಕ್ಸರ್ ದಾಟಿ, ತಣ್ಣೀರಿನ ಪೈಪಿನಲ್ಲಿ ಹಿಮ್ಮುಖವಾಗಿ ಹತ್ತಿ ನಳದ ಟಾಕಿ ಸೇರುತ್ತದೆ. ನಾಲ್ಕೈದು ಅಡಿ ಎತ್ತರದ ಅಂತರವಿದ್ದರೆ ಸಾಕು, ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ಒಂದೇ ಹಿಡಿಕೆಯ ಮಿಕ್ಸರಿನಲ್ಲೂ ಒಳಗಿನ ಕಾರ್ಟ್ರಿಜ್ ಸವೆದರೆ ಇದೇ ಪಾಡು.

ಬೇಳೆ ಬೇಯದಿರುವುದು ಸಣ್ಣ ಮಾತು. ಗದಗ ಜಿಲ್ಲೆಯ ಮುಂಡರಗಿ ಕಡೆಯ ಬೋರುಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಗ್ಯಾಸ್ ಉಳಿಯುತ್ತದೆಂದು ಸೋಲಾರ್ ನೀರನ್ನೇ ಅನ್ನಕ್ಕೆ ಇಡುವವರು ದಯವಿಟ್ಟು ನಿಲ್ಲಿಸಿ. ಉಗುರುಬೆಚ್ಚಗಿನ ನೀರಿಗೆ ಇನ್ನೊಂದು ಅಪಾಯವಿದೆ: 20ರಿಂದ 45 ಡಿಗ್ರಿಯಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರಿನ ತುಂತುರಿನ ಜೊತೆ ಶ್ವಾಸಕೋಶ ಸೇರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸೋಲಾರ್ ವಾರಗಟ್ಟಲೆ ಇದೇ ಶಾಖದಲ್ಲಿ ನಿಲ್ಲುವುದುಂಟು. ಆಗ ಬ್ಯಾಕಪ್ ಹೀಟರ್ ಹಾಕಿ 60 ಡಿಗ್ರಿಗೆ ಏರಿಸಿ.

ಪರೀಕ್ಷೆಗೆ ಕಾಲು ಗಂಟೆ ಸಾಕು. ಮಿಕ್ಸರುಗಳನ್ನು ಎಂದಿನಂತೆಯೇ ಬಿಟ್ಟು, ನಳದ ಟಾಕಿಯ ಗೇಟ್ ವಾಲ್ವ್ ಪೂರ್ತಿ ಮುಚ್ಚಿ ಅಡುಗೆಮನೆಯ ನಳ ತೆರೆಯಿರಿ. ಮುಕ್ಕಾಲು ಇಂಚಿನ 50 ಅಡಿ ಪೈಪಿನಲ್ಲಿ ಸುಮಾರು 4 ಲೀಟರ್ ನೀರಿರುತ್ತದೆ. ಅಷ್ಟು ಬಂದು ನಿಲ್ಲಬೇಕು. ಅರ್ಧ ಬಕೆಟ್ ದಾಟಿದರೂ ಧಾರೆ ನಿಲ್ಲದಿದ್ದರೆ ಎರಡು ಲೈನ್ ಎಲ್ಲೋ ಕೂಡಿವೆ. ಒಂದೊಂದೇ ಮಿಕ್ಸರಿನ ತಿರುಪು ಮುಚ್ಚುತ್ತ ಬನ್ನಿ, ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ಅದೇ ಕಳ್ಳದಾರಿ. ಎಲ್ಲ ಮುಚ್ಚಿದರೂ ಬರುತ್ತಿದ್ದರೆ, ನೀರಿಲ್ಲದ ದಿನಕ್ಕಿರಲಿ ಎಂದು ಎರಡು ಟಾಕಿಗಳ ನಡುವೆ ಹಾಕಿಸಿದ ಬೈಪಾಸ್ ವಾಲ್ವ್ ಸೋರುತ್ತಿರಬಹುದು.

ಸರಿಯಾದ ರಿಪೇರಿ ಒಂದೇ: ಮಿಕ್ಸರಿನ ತಣ್ಣೀರಿನ ಕಡೆಗೂ ಬೋರಿನ ಟಾಕಿಯ ಲೈನನ್ನೇ ಕೊಡಿಸಿ. ನಳದ ಟಾಕಿಯಿಂದ ಅಡುಗೆಮನೆಗೆ ಪ್ರತ್ಯೇಕ ಪೈಪ್ ಬರಲಿ, ನಡುವೆ ಒಂದೂ ಕವಲು ಬೇಡ. ಗೋಡೆ ಒಡೆಯಬೇಕೆಂದು ಹಿಂಜರಿದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಒಂದನ್ನೇ ಮಿಕ್ಸರಿನ ತಣ್ಣೀರಿನ ಪೈಪಿಗೆ ಹಾಕಿಸಿದರೆ ಅದು ತಾತ್ಕಾಲಿಕ. ಬೋರಿನ ಸುಣ್ಣ ಅದರ ಬಾಯಿಗೆ ಕಟ್ಟಿಕೊಂಡು ಒಳಗಿನ ಮುಚ್ಚಳ ಪೂರ್ತಿ ಕೂರುವುದಿಲ್ಲ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಲೇಬೇಕು. ಹಾಕುವಾಗ ಮೈಮೇಲಿನ ಬಾಣದ ಗುರುತು ನೀರು ಮಿಕ್ಸರಿನತ್ತ ಹರಿಯುವ ದಿಕ್ಕಿಗಿರಲಿ.

ಸೋಲಾರಿಗೂ ನಳದ ನೀರನ್ನೇ ಕೊಟ್ಟವರ ಕಥೆ ಬೇರೆ. 200 ಲೀಟರ್ ನೀರು 25ರಿಂದ 85 ಡಿಗ್ರಿಗೆ ಕಾದರೆ ಸುಮಾರು 6 ಲೀಟರ್ ಹಿಗ್ಗುತ್ತದೆ, ಬಂದ ದಾರಿಯಲ್ಲೇ ಟಾಕಿಯತ್ತ ತಿರುಗುತ್ತದೆ. ತಣ್ಣೀರಿನ ಒಳದಾರಿಗೆ ಎನ್‌ಆರ್‌ವಿ ಹಾಕಿದರೆ ಇದು ನಿಲ್ಲುತ್ತದೆ, ಆದರೆ ಆಗ ಏರ್ ವೆಂಟ್ ಪೈಪ್ ತೆರೆದಿರಲೇಬೇಕು. ಮುಚ್ಚಿದರೆ ಒತ್ತಡಕ್ಕೆ ಟ್ಯಾಂಕ್ ಸೀಳುತ್ತದೆ. ವೆಂಟಿನ ತುದಿ ಟಾಕಿಯ ನೀರಿನ ಮಟ್ಟಕ್ಕಿಂತ ಮೇಲಿರಲಿ, ಬಾಯಿ ಮಾತ್ರ ಕುಡಿಯುವ ನೀರಿನ ಟಾಕಿಯೊಳಗೆ ಇಳಿಯದಿರಲಿ.

ಲೈನ್ ಬೇರ್ಪಡಿಸಿದ ಮೇಲೆ ನಳದ ಟಾಕಿ ಬರಿದು ಮಾಡಿ, ತಿಕ್ಕಿ ತೊಳೆದು ತುಂಬಿಸಿ. 500 ಲೀಟರಿಗೆ ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 100 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ತಿಳಿ ಮಾತ್ರ ಸುರಿಯಿರಿ. ಅಡುಗೆಮನೆಯ ನಳದಲ್ಲಿ ವಾಸನೆ ಬರುವವರೆಗೆ ನೀರು ಬಿಟ್ಟು, ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಎಲ್ಲವನ್ನೂ ಚೆಲ್ಲಿ. ಈ ನೀರು ಆರ್‌ಒ ಫಿಲ್ಟರಿಗೂ ಸೋಲಾರ್ ಟ್ಯಾಂಕಿಗೂ ಹೋಗಬಾರದು. ಕ್ಲೋರಿನ್ನಿಗೆ ಆರ್‌ಒ ಪೊರೆ ಹಾಳಾಗುತ್ತದೆ, ಸ್ಟೀಲ್ ಟ್ಯಾಂಕಿಗೆ ಸೂಜಿರಂಧ್ರ ಬೀಳುತ್ತದೆ.