ಕೆಡಂಪ್ ಮತ್ತು ಕ್ರ್ಯಾಶ್: ಕುಸಿದ ಕರ್ನೆಲ್‌ನ ಮೆಮೊರಿಯನ್ನು ಓದುವ ಜೋಡಿ

ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನೆಲ್ ಪ್ಯಾನಿಕ್ ಆದ, ಅಂದರೆ ಚೇತರಿಸಿಕೊಳ್ಳಲಾಗದ ದೋಷದಿಂದ ನಿಂತುಹೋದ, ಕ್ಷಣದಲ್ಲಿ ಏನಾಗಿತ್ತು ಎಂಬುದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಮೆಮೊರಿಯಲ್ಲಿಯೇ ಇರುತ್ತದೆ. ಆದರೆ ಅದನ್ನು ಡಿಸ್ಕ್‌ಗೆ ಬರೆಯುವ ಕೆಲಸವನ್ನು ಕೆಟ್ಟುಹೋದ ಕರ್ನೆಲ್‌ಗೇ ವಹಿಸಿದರೆ, ಬರೆದದ್ದನ್ನು ನಂಬುವುದು ಹೇಗೆ? ಕೆಡಂಪ್‌ನ ಹೆಚ್ಚುಗಾರಿಕೆ ಇರುವುದು ಈ ಪ್ರಶ್ನೆಗೆ ಅದು ಕೊಡುವ ಉತ್ತರದಲ್ಲಿ. 2005ರಲ್ಲಿ ಲಿನಕ್ಸ್ 2.6.13ರೊಂದಿಗೆ ಬಂದ ಈ ವ್ಯವಸ್ಥೆಯು ಬೂಟ್ ಸಮಯದಲ್ಲಿಯೇ ಒಂದಿಷ್ಟು ಮೆಮೊರಿಯನ್ನು ಕಾಯ್ದಿರಿಸಿಕೊಳ್ಳುತ್ತದೆ. ಅಲ್ಲಿ ಇರಿಸಿದ ಎರಡನೆಯ ಕರ್ನೆಲ್, ಮೊದಲನೆಯದು ಕುಸಿದೊಡನೆ ಬಯೋಸ್‌ನ (ಯಂತ್ರವನ್ನು ಮೊದಲಿನಿಂದ ಆರಂಭಿಸುವ ತಂತ್ರಾಂಶದ) ಹಾದಿ ಹಿಡಿಯದೆ ನೇರವಾಗಿ ಚಾಲನೆಗೊಂಡು, ಹಳೆಯ ಮೆಮೊರಿಯನ್ನು ವಿಎಂಕೋರ್ ಎಂಬ ಫೈಲ್‌ ರೂಪದಲ್ಲಿ ಓದಲು ಕೊಡುತ್ತದೆ.

ಅದನ್ನು ಕುಗ್ಗಿಸಿ ಡಂಪ್ ಆಗಿ, ಅಂದರೆ ಮೆಮೊರಿಯ ಪ್ರತಿಯಾಗಿ, ಉಳಿಸುವುದು ಮೇಕ್‌ಡಂಪ್‌ಫೈಲ್ ಎಂಬ ಸಾಧನದ ಕೆಲಸ. ಏನನ್ನು ಬಿಡಬೇಕೆಂದು ಹೇಳುವ ಡಂಪ್ ಮಟ್ಟವನ್ನು 31ಕ್ಕೆ ಇಟ್ಟರೆ ಮೆಮೊರಿಯ ಖಾಲಿ ಪುಟಗಳು (ಪುಟವೆಂದರೆ ಮೆಮೊರಿಯ ಒಂದು ತುಂಡು), ಕ್ಯಾಶ್ ಹಾಗೂ ಬಳಕೆದಾರರ ಪ್ರೋಗ್ರಾಮ್‌ಗಳ ಪುಟಗಳು ಬಿಟ್ಟುಹೋಗುತ್ತವೆ; ಕರ್ನೆಲ್‌ನ ದೋಷವನ್ನು ಹುಡುಕಲು ಉಳಿದದ್ದು ಸಾಮಾನ್ಯವಾಗಿ ಸಾಕು.

ಓದುವುದಕ್ಕೆ ಇರುವ ಕ್ರ್ಯಾಶ್ ಎಂಬ ಸಾಧನವು ಜಿಡಿಬಿ ಎಂಬ ಸಾಮಾನ್ಯ ಡೀಬಗರ್ (ದೋಷ ಹುಡುಕುವ ಸಾಧನ) ಅನ್ನು ಒಳಗಿಟ್ಟುಕೊಂಡಿದ್ದರೂ ಕರ್ನೆಲ್‌ನ ರಚನೆಯನ್ನು ತಾನೇ ಬಲ್ಲದು. 'ಲಾಗ್' ಎಂದರೆ ಕೊನೆಯ ಸಂದೇಶಗಳು, 'ಪಿಎಸ್' ಎಂದರೆ ಆಗ ಇದ್ದ ಪ್ರಕ್ರಿಯೆಗಳು, 'ಕೆಮೆಮ್' ಎಂದರೆ ಮೆಮೊರಿಯ ಲೆಕ್ಕ, ಹೀಗೆ ಸತ್ತ ವ್ಯವಸ್ಥೆಯನ್ನು ಬದುಕಿರುವಂತೆಯೇ ವಿಚಾರಿಸಬಹುದು. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ 'ಬಿಟಿ' ಕುಸಿತಕ್ಕೆ ಕಾರಣವಾದ ಫಂಕ್ಷನ್‌ಗಳ ಸರಣಿಯನ್ನು ತೋರಿಸುತ್ತದೆಯಾದರೂ ಅವುಗಳ ಆರ್ಗ್ಯುಮೆಂಟ್‌ಗಳನ್ನು (ಅವುಗಳಿಗೆ ಕೊಟ್ಟ ಮೌಲ್ಯಗಳನ್ನು) ಸಾಮಾನ್ಯವಾಗಿ ತೋರಿಸುವುದಿಲ್ಲ. 64 ಬಿಟ್‌ನ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಅವು ಮೊದಲು ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್‌ನೊಳಗಿನ ಪುಟ್ಟ ಸಂಗ್ರಹಗಳಲ್ಲಿ) ಸಾಗುವುದರಿಂದ, ಅಸೆಂಬ್ಲಿಯನ್ನು (ಯಂತ್ರದ ಮಟ್ಟದ ಸೂಚನೆಗಳನ್ನು) ಓದುತ್ತಾ ಯಾವ ರಿಜಿಸ್ಟರ್‌ನ ಮೌಲ್ಯ ಸ್ಟ್ಯಾಕ್‌ನ (ಫಂಕ್ಷನ್‌ಗಳು ತಮ್ಮ ಕೆಲಸಕ್ಕೆ ಬಳಸುವ ಮೆಮೊರಿಯ) ಯಾವ ಸ್ಥಾನದಲ್ಲಿ ಉಳಿದಿದೆ ಎಂದು ಕೈಯಾರೆ ಪತ್ತೆಹಚ್ಚಬೇಕು. ಇದು ತಾಳ್ಮೆ ಬೇಡುವ ಕೆಲಸ. ಕೈಪಿಡಿ ಇದರಲ್ಲಿ ಹೆಚ್ಚು ನೆರವಾಗುವುದಿಲ್ಲ. ಒಂದೇ ಬಗೆಯ ಸಾವಿರಾರು ರಚನೆಗಳನ್ನು ಶೋಧಿಸಬೇಕಾದವರಿಗೆ, ಪೈಥಾನ್‌ನಲ್ಲಿ ಪ್ರಶ್ನೆ ಬರೆಯಲು ಬಿಡುವ ಡ್ರಗನ್ ಎಂಬ ಡೀಬಗರ್ ಹೆಚ್ಚು ಅನುಕೂಲ.

ನನ್ನ ದೊಡ್ಡ ಆಕ್ಷೇಪ ಸಿದ್ಧತೆಯ ಹಂತದ ಬಗ್ಗೆ. ಕಾಯ್ದಿರಿಸಿದ ಮೆಮೊರಿ ಸಾಲದಿದ್ದರೆ ಎರಡನೆಯ ಕರ್ನೆಲ್ ಡಂಪ್ ಬರೆಯುವ ಮೊದಲೇ ಸೋಲಬಹುದು, ಮತ್ತು ಅದು ತಿಳಿಯುವುದು ನಿಜವಾದ ಕುಸಿತದ ದಿನವೇ. ಓಡುತ್ತಿದ್ದ ಕರ್ನೆಲ್‌ಗೆ ಸರಿಹೊಂದುವ ಡೀಬಗ್ ಮಾಹಿತಿಯಿರುವ ವಿಎಂಲಿನಕ್ಸ್ ಎಂಬ ಕರ್ನೆಲ್ ಫೈಲ್ ಇಲ್ಲದಿದ್ದರೆ, ಸಿಕ್ಕ ಡಂಪ್ ಕೂಡ ಕ್ರ್ಯಾಶ್‌ಗೆ ಅರ್ಥವಾಗದು. ಆದ್ದರಿಂದ ಪ್ರತಿ ಕರ್ನೆಲ್ ಬದಲಾವಣೆಯ ನಂತರ, ಕೆಲಸದ ಹೊರೆಯಿಲ್ಲದ ಸಮಯದಲ್ಲಿ, ಸಿಸ್‌ಆರ್‌ಕ್ಯೂ (ಕರ್ನೆಲ್‌ಗೆ ನೇರ ಆದೇಶ ಕೊಡುವ ಸೌಲಭ್ಯ) ಮೂಲಕ ಬೇಕೆಂದೇ ಕುಸಿತ ಉಂಟುಮಾಡಿ ಡಂಪ್ ತೆರೆದು ನೋಡುವುದನ್ನು ನಾನು ಅನುಸ್ಥಾಪನೆಯ ಭಾಗವೆಂದೇ ಎಣಿಸುತ್ತೇನೆ. ಇಷ್ಟು ಮೆಮೊರಿಯನ್ನು ಮೀಸಲಿಡಲಾಗದ ಚಿಕ್ಕ ಸಾಧನಗಳಿಗೆ, ಕೊನೆಯ ಲಾಗ್ ಅನ್ನು ಮಾತ್ರ ಮರುಚಾಲನೆಯ ನಂತರವೂ ಉಳಿಸಿಕೊಡುವ ರ‍್ಯಾಮ್‌ಊಪ್ಸ್ ಸಾಕು.